ಕ್ಲಾಸಿಕ್ 350 ರೀಬಾರ್ನ್‌ಗೆ ಬೇರೆ ಸೈಲೆನ್ಸರ್: ಯಾವ್ದು ತಗೊಳ್ಳೋದು, ಹಾಕೋವಾಗ ಏನೇನ್ ನೋಡ್ಬೇಕು?

ಹಾಸನ್_ಥಂಪ್

ಎಲ್ರಿಗೂ ನಮಸ್ಕಾರ. ನಂದು 2022 ಮಾಡೆಲ್ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ರೀಬಾರ್ನ್. ವಾರದ ಕೊನೇಲಿ ಹಾಸನ–ಬೆಂಗಳೂರು ಓಡಾಟ, ಮಿಕ್ಕಿದ್ ದಿನ ಊರೊಳಗೆ ಆಫೀಸು ಮಾರ್ಕೆಟ್ಟು ಅಷ್ಟೇ. ಪಾರ್ಕಿಂಗಲ್ಲಿ ಯಾರೋ ಕಾರ್ ರಿವರ್ಸ್ ತಗೊಳ್ಳೋವಾಗ ಗುದ್ದಿ ಸೈಲೆನ್ಸರ್ ಒಳಗೆ ಹೋಗಿದೆ, ಹಿಂದಿನ ತುದೀಲಿ ಕೆಳಗಡೆ ತುಕ್ಕೂ ಶುರುವಾಗಿದೆ. ಹೇಗೂ ಬದಲಾಯಿಸ್ಲೇಬೇಕು, ಕಂಪನಿದೇ ಹಾಕಿಸೋ ಬದ್ಲು ಸ್ವಲ್ಪ ಬೇಸ್ ಇರೋದು ಹಾಕಿಸೋಣ ಅಂತ ಆಸೆ. ಜೋರು ಬೇಡ್ವೇ ಬೇಡ, ನಮ್ ಬೀದೀಲಿ ವಯಸ್ಸಾದವ್ರು ಜಾಸ್ತಿ, ಬೆಳಗ್ಗೆ ಐದಕ್ಕೆ ಗಾಡಿ ತೆಗೀತೀನಿ.

ಅಂಗಡಿಗಳಲ್ಲಿ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಒಬ್ರು ಇಂದೋರಿ ಅನ್ನೋ ಮಾದರಿ ಹಾಕ್ಸಿ ಅಂತಾರೆ, ಇನ್ನೊಬ್ರು ಪಂಜಾಬ್, ಮತ್ತೊಬ್ರು ಗೋಲ್ಡ್ ಸ್ಟಾರ್ ಗ್ಲಾಸ್ ವೂಲ್. ಒಂದ್ ಕಡೆಯಂತೂ ಬೆಂಡ್ ಪೈಪೂ (ಇಂಜಿನ್ನಿಂದ ಸೈಲೆನ್ಸರ್‌ವರೆಗೆ ಬರೋ ಪೈಪು) ಚೇಂಜ್ ಮಾಡಿ ಕ್ಯಾಟ್‌ಕಾನ್ (ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್) ತೆಗೆದ್ರೆ ಮೂರು ಬಿಎಚ್‌ಪಿ ಏರುತ್ತೆ, ಹಳೇದನ್ನ ಇಲ್ಲೇ ಬಿಟ್ಟೋದ್ರೆ ಕೂಲಿ ಚಾರ್ಜ್ ಇಲ್ಲ ಅಂದ್ರು. ನಿಜವಾಗ್ಲೂ ಪವರ್ ಬರುತ್ತಾ? ಮೈಲೇಜ್ ಬೀಳುತ್ತಾ? ಪೊಲೀಸ್ ವಿಷಯ ಹೆಂಗೆ? ಮನೇಲೇ ಹಾಕ್ಕೋಬಹುದಾ ಅಥವಾ ಗ್ಯಾರೇಜೇ ಬೇಕಾ? ಗೊತ್ತಿರೋವ್ರು ದಯವಿಟ್ಟು ಬಿಡಿಸಿ ಹೇಳಿ.

ಕುಣಿಗಲ್_ಬೈಪಾಸ್

ಗುರು ಮೊದಲ್ನೇ ವಿಷಯ, ಆ ಕ್ಯಾಟ್‌ಕಾನ್ ಇರೋ ಬೆಂಡ್ ಪೈಪನ್ನ ಯಾವ ಕಾರಣಕ್ಕೂ ಅಂಗಡೀಲಿ ಬಿಟ್ಟು ಬರ್ಬೇಡಿ. ಅದ್ರೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಥರದ ಬೆಲೆಬಾಳೋ ಲೋಹ ಲೇಪ ಮಾಡಿರ್ತಾರೆ, ಸ್ಕ್ರ್ಯಾಪಿಗೆ ಹಾಕಿದ್ರೂ ಅದಕ್ಕೆ ಒಳ್ಳೇ ರೇಟ್ ಇದೆ. ಕೂಲಿ ಬೇಡ ಅಂದಿದ್ದು ಅದಕ್ಕೇ.

ಪವರ್ ಬಗ್ಗೆ. ಈ ಜೆ ಸೀರೀಸ್ ಇಂಜಿನ್ 349 ಸಿಸಿ, 6100 ಆರ್‌ಪಿಎಂಗೆ 20.2 ಬಿಎಚ್‌ಪಿ, 4000ಕ್ಕೆ 27 ಎನ್‌ಎಂ ಟಾರ್ಕ್. ಇದು ಕೆಳಗಡೆ ಎಳೀಲಿ ಅಂತಾನೇ ಟ್ಯೂನ್ ಮಾಡಿರೋ ಗಾಡಿ. ಕ್ಯಾಟ್‌ಕಾನ್ ಬೆಂಡ್ ಪೈಪಲ್ಲೇ ಇರೋದ್ರಿಂದ, ಹಿಂದಿನ ಸೈಲೆನ್ಸರ್ ಒಂದನ್ನೇ ಬದಲಾಯಿಸಿದ್ರೆ ಗ್ಯಾಸ್ ಹೋಗೋ ದಾರಿ ಅಂಥದ್ದೇನೂ ಬದಲಾಗಲ್ಲ. ಸವಾರಿಲಿ ಗೊತ್ತಾಗೋವಷ್ಟು ಪವರ್ ಬರಲ್ಲ, ಹಂಗಂತ ಹೋಗೋದೂ ಇಲ್ಲ. ಬರೋದು ಎರಡೇ, ಸೌಂಡ್ ಬದಲಾಗುತ್ತೆ, ತೂಕ ಒಂದೆರಡು ಕೆಜಿ ಇಳೀಬಹುದು, 195 ಕೆಜಿ ಗಾಡೀಲಿ ಅದು ಲೆಕ್ಕಕ್ಕಿಲ್ಲ.

‘ಬ್ಯಾಕ್ ಪ್ರೆಶರ್ (ಹೊಗೆ ಆಚೆ ಹೋಗೋಕೆ ಇರೋ ತಡೆ) ಇಲ್ದಿದ್ರೆ ಟಾರ್ಕ್ ಹೋಗುತ್ತೆ’ ಅಂತ ಒಬ್ರು ಹೇಳ್ತಾರೆ, ‘ಬ್ಯಾಕ್ ಪ್ರೆಶರ್ ತೆಗೆದಷ್ಟೂ ಪವರ್’ ಅಂತ ಇನ್ನೊಬ್ರು, ಎರಡೂ ಅರ್ಧಂಬರ್ಧ. ಎಕ್ಸಾಸ್ಟ್ ವಾಲ್ವ್ ತೆರೆದಾಗ ಒಂದು ಒತ್ತಡದ ಅಲೆ ಪೈಪಲ್ಲಿ ಹಿಂದಕ್ಕೆ ಓಡುತ್ತೆ, ಪೈಪ್ ಅಗಲ ಆಗೋ ಜಾಗ ಸಿಕ್ಕಿದ ತಕ್ಷಣ ಅಲ್ಲಿಂದ ಒಂದು ಎಳೆಯೋ ಅಲೆ ವಾಪಸ್ ಬರುತ್ತೆ, ಅದು ಸರಿಯಾದ ಟೈಮಿಗೆ ವಾಲ್ವ್ ಹತ್ರ ತಲುಪಿದ್ರೆ ಒಳಗೆ ಉಳಿದ ಹೊಗೇನ ಎಳ್ಕೊಂಡು ಹೊಸ ಮಿಕ್ಸ್ಚರ್‌ಗೆ ಜಾಗ ಮಾಡ್ಕೊಡುತ್ತೆ. ಯಾವ ಆರ್‌ಪಿಎಂಗೆ ಈ ಟೈಮಿಂಗ್ ಕೂಡುತ್ತೆ ಅನ್ನೋದನ್ನ ಪೈಪಿನ ಉದ್ದ ಮತ್ತೆ ದಪ್ಪ ತೀರ್ಮಾನ ಮಾಡುತ್ತೆ. ತೀರಾ ದಪ್ಪ ಬೆಂಡ್ ಪೈಪ್ ಹಾಕಿದ್ರೆ ಗ್ಯಾಸಿನ ವೇಗ ಕಮ್ಮಿಯಾಗಿ ಕೆಳಗಡೆ ಎಳೆತ ಸೊರಗುತ್ತೆ, ಕ್ಲಾಸಿಕ್‌ನಂಥ ಗಾಡೀಲಿ ನಿಮಗೆ ಬೇಕಾಗಿರೋದೇ ಆ ಕೆಳಗಿನ ಎಳೆತ. ಅದಕ್ಕೇ ಬೆಂಡ್ ಪೈಪ್ ಮುಟ್ಬೇಡಿ, ಸ್ಲಿಪ್ ಆನ್, ಅಂದ್ರೆ ಹಿಂದಿನ ಸೈಲೆನ್ಸರ್ ಒಂದನ್ನೇ ಬದಲಾಯಿಸೋದು, ಅಷ್ಟೇ ನೋಡಿ. ಬೆಂಡ್ ಪೈಪ್ ಮುಟ್ಟದಿದ್ರೆ ಓ2 ಸೆನ್ಸರ್ (ಹೊಗೇಲಿರೋ ಆಕ್ಸಿಜನ್ ಅಳೆಯೋದು) ಅದರ ಜಾಗದಲ್ಲೇ ಇರುತ್ತೆ, ಇಸಿಯು (ಪೆಟ್ರೋಲ್ ಎಷ್ಟು ಹೊಡೀಬೇಕು ಅಂತ ತೀರ್ಮಾನ ಮಾಡೋ ಕಂಪ್ಯೂಟರ್) ತನ್ನ ಕೆಲಸ ತಾನು ಮಾಡ್ಕೊಂಡು ಹೋಗುತ್ತೆ, ಪೆಟ್ರೋಲ್ ಪ್ರಮಾಣ ಹೊಂದಿಸೋ ಫ್ಯೂಯೆಲ್‌ಎಕ್ಸ್ ಥರದ್ದು ಏನೂ ಬೇಕಾಗಲ್ಲ. ಅದು ನಮ್ ಬೆಂಗಳೂರಿನವ್ರೇ ಮಾಡೋ ಒಳ್ಳೇ ಸಾಮಾನು, ಆದ್ರೆ ಫುಲ್ ಸಿಸ್ಟಮ್ ಹಾಕಿ ಏರ್ ಫಿಲ್ಟರೂ ಬದಲಾಯಿಸಿದವ್ರಿಗೆ. ನಿಮಗೆ ದುಡ್ಡು ದಂಡ.

ಇನ್ನು ಸೌಂಡ್. ಇದನ್ನ ಸ್ವಲ್ಪ ಉದ್ದ ಬರೀತೀನಿ ಯಾಕಂದ್ರೆ ಜನ ಎಡವೋದು ಇಲ್ಲೇ. ಅಂಗಡಿ ಮುಂದೆ ಐಡಲ್‌ನಲ್ಲಿ ಕೇಳಿಸ್ತಾರೆ, ಯೂಟ್ಯೂಬಲ್ಲೂ ಐಡಲ್ ಮತ್ತೆ ರೇಸ್ ಮಾಡೋದು ಅಷ್ಟೇ ತೋರಿಸ್ತಾರೆ. ಫೋರ್ ಸ್ಟ್ರೋಕ್ ಸಿಂಗಲ್ ಸಿಲಿಂಡರ್ ಎರಡು ಸುತ್ತಿಗೆ ಒಂದ್ಸಲ ಫೈರ್ ಆಗುತ್ತೆ. 1000 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ ಎಂಟು ಬಡಿತ, ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತೆ, ಅದೇ ನಾವು ಪ್ರೀತಿಸೋ ಥಂಪ್. ಆದ್ರೆ ನೆಲಮಂಗಲ ದಾಟಿ ಹೈವೇಲಿ 4000ದ ಹತ್ರ ಹೋಗ್ತಿದ್ರೆ ಸೆಕೆಂಡಿಗೆ 33 ಸಲ. ಆಗ ಬಡಿತ ಇರಲ್ಲ, ಒಂದೇ ಸಮನೆ ಗುಂಯ್ ಅನ್ನೋ ಡ್ರೋನ್. ಹೆಲ್ಮೆಟ್ ಗಾಳಿ ಶಬ್ದ ಸ್ವಲ್ಪ ತಡೆಯುತ್ತೆ, ಈ ಕೆಳಗಿನ ಫ್ರೀಕ್ವೆನ್ಸಿನ ತಡೆಯೋದು ಬಹಳ ಕಮ್ಮಿ. ಚನ್ನರಾಯಪಟ್ಟಣ ಬರೋಷ್ಟೊತ್ತಿಗೆ ತಲೆ ಭಾರ. ಇಂದೋರಿ, ಪಂಜಾಬ್ ಅಂತ ಮಾರೋದ್ರಲ್ಲಿ ಬಹಳಷ್ಟು ಒಳಗೆ ಬರೀ ಖಾಲಿ ಡಬ್ಬಿ ಇಲ್ಲಾ ನೆಟ್ಟಗಿರೋ ಒಂದು ಪೈಪು, ಇದ್ರಲ್ಲಿ ಡ್ರೋನ್ ಜಾಸ್ತಿ. ಒಳಗೆ ತೂತಿನ ಪೈಪು, ಸುತ್ತ ಗಟ್ಟಿಯಾಗಿ ಗ್ಲಾಸ್ ವೂಲ್, ತುದೀಲಿ ತೆಗೆದು ಹಾಕೋ ಡಿಬಿ ಕಿಲ್ಲರ್ (ಶಬ್ದ ತಗ್ಗಿಸೋ ತುಂಡು), ಇವಿಷ್ಟು ಇರೋದು ತಗೊಳ್ಳಿ. ಸಾಧ್ಯ ಆದ್ರೆ ಅದೇ ಸೈಲೆನ್ಸರ್ ಹಾಕಿರೋ ಯಾರದ್ದಾದ್ರೂ ಗಾಡಿ ಈಸ್ಕೊಂಡು 80ರಲ್ಲಿ ಅರ್ಧ ಗಂಟೆ ಓಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ.

ಮಂಡ್ಯ_ವಕೀಲ

ಪೊಲೀಸ್ ವಿಷಯ ನಾನು ಹೇಳ್ತೀನಿ, ಇಲ್ಲಿ ಬಾಯಿಗೆ ಬಂದಂಗೆ ಹೇಳೋರು ಜಾಸ್ತಿ ಆಗಿದಾರೆ.

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳ್ತು. ಅದೇ ವರ್ಷ ಆದ ತಿದ್ದುಪಡೀಲಿ 182ಎ ಸೆಕ್ಷನ್ ಬಂತು, ಅನುಮತಿ ಇಲ್ಲದ ಪಾರ್ಟ್ ಹಾಕಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಶಬ್ದ ಮತ್ತೆ ಹೊಗೆ ಮಿತಿ ಮೀರಿದ್ರೆ 190(2), ಮೊದಲನೇ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 10,000ದವರೆಗೆ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹ. ಲೈಸೆನ್ಸ್ ವಿಷಯ ಯಾರೂ ಹೇಳಲ್ಲ, ನನ್ನ ಪ್ರಕಾರ ದಂಡಕ್ಕಿಂತ ಅದೇ ದೊಡ್ಡದು.

ಮಿತಿ ಎಷ್ಟು ಅಂದ್ರೆ, 2005ರ ಏಪ್ರಿಲ್‌ನಿಂದ 80 ಸಿಸಿವರೆಗಿನ ದ್ವಿಚಕ್ರಕ್ಕೆ 75 ಡೆಸಿಬೆಲ್, 80ರಿಂದ 175 ಸಿಸಿಗೆ 77, ಅದಕ್ಕಿಂತ ಮೇಲಿನದಕ್ಕೆ 80. ಇದು ಗಾಡಿ ಪಕ್ಕದಲ್ಲಿ ಏಳೂವರೆ ಮೀಟರ್ ದೂರದಲ್ಲಿ ಮೈಕ್ ಇಟ್ಟು, ವೇಗ ಏರಿಸ್ತಾ ಹಾದು ಹೋಗೋವಾಗ ಅಳೆಯೋದು. ಅಂಗಡಿಯವ್ರು ಮೊಬೈಲ್ ಆಪಲ್ಲಿ ತೋರಿಸೋ 80 ಬೇರೆ, ಇದು ಬೇರೆ. ಇನ್ನೊಂದು, ಡೆಸಿಬೆಲ್ ಅನ್ನೋದು ಸಾಮಾನ್ಯ ಲೆಕ್ಕ ಅಲ್ಲ. 80ರಿಂದ 90 ಅಂದ್ರೆ ಸ್ವಲ್ಪ ಜಾಸ್ತಿ ಅನ್ಕೋಬೇಡಿ, ಶಬ್ದದ ಶಕ್ತಿ ಹತ್ತು ಪಟ್ಟು, ಕಿವಿಗೆ ಸುಮಾರು ಎರಡು ಪಟ್ಟು ಜೋರು.

‘ಇ ಮಾರ್ಕ್ ಇದೆ, ಲೀಗಲ್’ ಅಂತ ದುಬಾರಿ ಪೈಪ್ ಮಾರ್ತಾರೆ. ಇ ಮಾರ್ಕ್ ಯುರೋಪಿನ ಒಪ್ಪಿಗೆ, ಅದೂ ಆ ಒಂದು ಮಾಡೆಲ್ ಗಾಡಿಗೆ ಮಾತ್ರ. ನಮ್ಮಲ್ಲಿ ಟೆಸ್ಟ್ ಮಾಡೋದು ಪುಣೆಯ ಎಆರ್‌ಎಐ, ಮಾನೇಸರ್‌ನ ಐಕ್ಯಾಟ್ ಥರದ ಸಂಸ್ಥೆಗಳು. ಇ ಮಾರ್ಕ್ ತೋರಿಸಿದ್ರೆ ರಸ್ತೇಲಿ ನಿಂತಿರೋ ಇನ್‌ಸ್ಪೆಕ್ಟರ್‌ಗೆ ಅದರಿಂದ ಏನೂ ಬದಲಾಗಲ್ಲ. ಹಲವು ಊರುಗಳಲ್ಲಿ ಸೈಲೆನ್ಸರ್ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ್ದು ನೀವೂ ಪೇಪರಲ್ಲಿ ನೋಡಿರ್ತೀರಿ.

ಆದ್ರಿಂದ ನೂರಕ್ಕೆ ನೂರು ಸೇಫ್ ಬೇಕು ಅಂದ್ರೆ ಕಂಪನಿ ಸ್ಪೇರ್ ಸೈಲೆನ್ಸರ್ ಹಾಕಿಸಿ. ಮಿಕ್ಕಿದ್ದೆಲ್ಲ ಎಷ್ಟು ರಿಸ್ಕ್ ತಗೋತೀರ ಅನ್ನೋ ಪ್ರಶ್ನೆ.

ಆರ್‌ಎಕ್ಸ್_ಹುಡ್ಗ

ಸರ್ ಎಲ್ಲ ಸರಿ ಆದ್ರೆ ಸ್ವಲ್ಪ ಸೌಂಡ್ ಇರ್ಬೇಕು, ಲಾರಿ ಬಸ್ಸಿನವ್ರಿಗೆ ನಾವ್ ಬರ್ತಿರೋದು ಗೊತ್ತಾಗ್ಬೇಕಲ್ಲ, ಸೇಫ್ಟಿ ಮುಖ್ಯ. ಡಿಬಿ ಕಿಲ್ಲರ್ ತೆಗೆದು ಓಡ್ಸಿ, ಪೊಲೀಸ್ ಕಂಡ್ರೆ ಹಾಕ್ಕೊಳ್ಳಿ. ಪಿಕಪ್ಪೂ ಜಾಸ್ತಿ ಆಗುತ್ತೆ, ನಮ್ ಯಮಹಾ ಆರ್‌ಎಕ್ಸಲ್ಲಿ ಪೈಪ್ ಕಟ್ ಮಾಡ್ಸಿದ್ಮೇಲೆ ಗಾಡಿ ಹಾರ್ತಿತ್ತು.

ಯಾದವಗಿರಿ_ರೋಡ್‌ಕಿಂಗ್

ತಮ್ಮಾ ಆರ್‌ಎಕ್ಸ್ ಲೆಕ್ಕಾನ ಕ್ಲಾಸಿಕ್‌ಗೆ ತರ್ಬೇಡಪ್ಪ. ನಾನು ಮೈಸೂರಿನವನು, ಐಡಿಯಲ್ ಜಾವಾ ಫ್ಯಾಕ್ಟರಿ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚೋವರೆಗೂ ಈ ಊರಲ್ಲಿ ಟೂ ಸ್ಟ್ರೋಕ್ ಸೈಲೆನ್ಸರ್ ಬಗ್ಗೆ ಮಾತಾಡದ ಮನೆ ಇರ್ಲಿಲ್ಲ, ನನ್ ಮನೇಲಿ ಈಗ್ಲೂ ಆ ಫ್ಯಾಕ್ಟರಿಯ ಯೆಜ್ಡಿ ರೋಡ್‌ಕಿಂಗ್ ಓಡುತ್ತೆ, ಅದಕ್ಕೇ ಹೇಳ್ತೀನಿ.

ಟೂ ಸ್ಟ್ರೋಕಲ್ಲಿ ಸೈಲೆನ್ಸರ್ ಇಂಜಿನ್ನಿನ ಒಂದು ಭಾಗ. ವಾಲ್ವೇ ಇಲ್ಲ ನೋಡು, ಹೊಸ ಮಿಕ್ಸ್ಚರ್ ಒಳಗೆ ಬರೋವಾಗ ಎಕ್ಸಾಸ್ಟ್ ಪೋರ್ಟೂ ತೆರೆದೇ ಇರುತ್ತೆ, ಸ್ವಲ್ಪ ಪೆಟ್ರೋಲ್ ಮಿಕ್ಸ್ಚರ್ ಹಾಗೇ ಆಚೆ ಹೋಗುತ್ತೆ. ಸೈಲೆನ್ಸರ್ ಒಳಗಿನ ಆಕಾರದಿಂದ ಹಿಂದಕ್ಕೆ ಬರೋ ಅಲೆ ಆಚೆ ಹೋದ ಆ ಮಿಕ್ಸ್ಚರನ್ನ ಪೋರ್ಟ್ ಮುಚ್ಚೋ ಮುಂಚೆ ಒಳಗೆ ತಳ್ಳುತ್ತೆ. ಸುಮ್ನೆ ಕಟ್ ಮಾಡ್ಸಿದ್ರೆ ಆ ಅಲೆಯ ಲೆಕ್ಕಾನೇ ಕೆಡುತ್ತೆ, ಒಂದ್ ಆರ್‌ಪಿಎಂನಲ್ಲಿ ಜೋರಾಗಿ ಎಳೆದ ಹಾಗೆ ಅನ್ಸುತ್ತೆ, ಅದರ ಕೆಳಗೆ ಗಾಡಿ ಸತ್ತೋಗುತ್ತೆ. ಸೌಂಡ್ ಜಾಸ್ತಿ ಆಯ್ತಲ್ಲ, ಕಿವಿ ‘ಸ್ಪೀಡು’ ಅಂತ ನಂಬಿಬಿಡುತ್ತೆ. ನಮ್ ಯೆಜ್ಡೀಲಿ ಪಿಕಪ್ ಕಮ್ಮಿ ಆಯ್ತು ಅಂದ್ರೆ ಮೊದಲು ಮಾಡ್ತಿದ್ದಿದ್ದು ಎರಡೂ ಸೈಲೆನ್ಸರಿನ ಬ್ಯಾಫಲ್ (ಒಳಗಿರೋ ತೂತಿನ ಪೈಪು) ಎಳೆದು ಆಚೆ ತೆಗೆಯೋದು. ಆಯಿಲ್ ಸುಟ್ಟ ಕಾರ್ಬನ್ ತೂತುಗಳಲ್ಲಿ ಗಟ್ಟಿಯಾಗಿ ಕೂತು ಮುಚ್ಚಿಬಿಟ್ಟಿರುತ್ತೆ, ಕೆಂಡದಲ್ಲಿ ಇಟ್ಟು ಕೆಂಪಗೆ ಕಾಯಿಸಿ, ತಣ್ಣಗಾದ್ಮೇಲೆ ಕಲ್ಲಿಗೆ ಮೆಲ್ಲಗೆ ತಟ್ಟಿದ್ರೆ ಕಪ್ಪು ಚಕ್ಕೆ ಚಕ್ಕೆಯಾಗಿ ಉದುರುತ್ತೆ, ವಾಪಸ್ ಹಾಕಿದ್ರೆ ಗಾಡಿ ಹೊಸದು. ಬ್ಯಾಫಲ್ ಬಿಸಾಕಿ ಓಡಿಸಿದವ್ರ ಗಾಡಿ ಹಂಗೆ ಎಳೀತಿರ್ಲಿಲ್ಲ.

ಫೋರ್ ಸ್ಟ್ರೋಕಲ್ಲಿ ವಾಲ್ವ್ ಇದೆ, ಈ ಅಲೆಯ ಪ್ರಭಾವ ಅಷ್ಟಿಲ್ಲ. ಹಾಗಾಗಿ ಕ್ಲಾಸಿಕ್‌ಗೆ ಡಿಬಿ ಕಿಲ್ಲರ್ ತೆಗೆದ್ರೆ ಪಿಕಪ್ ಬರಲ್ಲ, ಬರೀ ಗಲಾಟೆ. ಸೇಫ್ಟಿ ಮಾತೂ ಅಷ್ಟೇ, ಸೈಲೆನ್ಸರ್ ಬಾಯಿ ಇರೋದು ಹಿಂದಕ್ಕೆ. ನಿನಗೆ ಅಪಾಯ ಇರೋದು ಮುಂದೆ ತಿರುಗೋ ಗಾಡಿಯಿಂದ, ಶಬ್ದ ಕೇಳೋದು ನೀನು ಹಾದು ಹೋದ್ಮೇಲೆ ಫುಟ್‌ಪಾತಲ್ಲಿ ನಡೆಯೋರಿಗೆ. ಹಾರ್ನು, ಹೆಡ್‌ಲೈಟು, ಲಾರಿಯ ಕನ್ನಡಿಯಲ್ಲಿ ಡ್ರೈವರ್ ಮುಖ ಕಾಣೋ ಜಾಗದಲ್ಲಿ ಓಡಿಸೋದು, ಇವು ಕಾಪಾಡುತ್ತೆ.

ಕಾಫಿತೋಟ_ಸಕ್ಲೇಶ್ಪುರ

ಮೇಲಿನ ಅಂಕಲ್ ಹೇಳಿದ್ದಕ್ಕೆ ನನ್ನದೂ ಒಂದು ವೋಟು. ನಮ್ಮ ಕಡೆ ವೀಕೆಂಡ್ ಬಂದ್ರೆ ಬಿಸ್ಲೆ ರೋಡಲ್ಲಿ ಓಪನ್ ಪೈಪ್ ಗಾಡಿಗಳ ಸಾಲು. ಆಲೂರು ಸಕಲೇಶಪುರ ಸುತ್ತ ಆನೆ ಓಡಾಟ ಎಷ್ಟಿದೆ ಅಂತ ಹಾಸನದವರಿಗೆ ನಾನು ಹೇಳ್ಬೇಕಾಗಿಲ್ಲ. ತೋಟದ ಅಂಚಲ್ಲಿ ಮರಿ ಜೊತೆ ನಿಂತಿರೋ ಆನೆ ಪಕ್ಕ ಯಾರಾದ್ರೂ ಪಟಪಟ ಅಂತ ರೇಸ್ ಮಾಡಿದ್ರೆ ಅದು ಬೆದರೋದು ತೋಟದೊಳಗೆ, ಕೆಲಸಕ್ಕೆ ಬಂದಿರೋ ಹೆಂಗಸರು ಇರೋ ಕಡೆಗೆ. ಗಾಡಿಯವರು ಅಷ್ಟೊತ್ತಿಗೆ ಹೋಗಿಬಿಟ್ಟಿರ್ತಾರೆ. ದಯವಿಟ್ಟು ಡಿಬಿ ಕಿಲ್ಲರ್ ತೆಗೀಬೇಡಿ.

ನಾನು ಮೀಟಿಯೋರ್ 350 ಓಡಿಸ್ತೀನಿ, ಇಂಜಿನ್ ಒಂದೇ. ಸೈಲೆನ್ಸರ್ ಆರಿಸೋವಾಗ ಯಾರೂ ಹೇಳದ ಎರಡು ವಿಷಯ. ಒಂದು, ಹಿಂದೆ ಕೂರೋರ ಕಾಲು. ಶಾರ್ಟ್ ಬಾಟಲ್ ಥರದ್ದು ಹಾಕಿದ್ರೆ ಬಾಯಿ ಸರಿಯಾಗಿ ಹಿಂದಿನ ಫುಟ್‌ರೆಸ್ಟ್ ಹತ್ರ ಬರುತ್ತೆ, ಬಿಸಿ ಹೊಗೆ ಕೂತವರ ಕಾಲಿಗೇ ಹೊಡೆಯುತ್ತೆ, ಅಮ್ಮನ್ನ ಕೂರಿಸ್ಕೊಂಡು ಹೋಗೋರಾದ್ರೆ ಸೀರೆ ಅಂಚು ಸುಡುತ್ತೆ. ಬಾಯಿ ಹಿಂದಿನ ಆಕ್ಸಲ್ ದಾಟಿ ಇರೋದನ್ನೇ ತಗೊಳ್ಳಿ. ಎರಡು, ಬಲಗಡೆ ಸೈಡ್ ಬ್ಯಾಗ್ ಕಟ್ಟೋರಾಗಿದ್ರೆ ಪೈಪ್ ಎಷ್ಟು ಮೇಲಕ್ಕೆ ಎತ್ತಿದೆ ನೋಡಿ, ಬ್ಯಾಗ್ ತುಂಬಿ ಜೋತು ಬಿದ್ದಾಗ ತಗುಲಿದ್ರೆ ರೆಕ್ಸಿನ್ ಕರಗಿ ಅಂಟ್ಕೊಳ್ಳುತ್ತೆ, ಬಿಡಿಸೋಕಾಗಲ್ಲ.

ಹಾಸನ್_ಥಂಪ್

ಇಷ್ಟು ವಿವರ ಸಿಗುತ್ತೆ ಅನ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಬೆಂಡ್ ಪೈಪ್ ಮುಟ್ಟಲ್ಲ, ಅದು ಫೈನಲ್. ಗೋಲ್ಡ್ ಸ್ಟಾರ್ ಆಕಾರದ್ದು, ಉದ್ದ ಇರೋದು, ಡಿಬಿ ಕಿಲ್ಲರ್ ಜೊತೆ ಒಂದು ನೋಡಿದೀನಿ. ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಅಂತಾರೆ, ನಂಬೋದು ಹೇಗೆ? ಮತ್ತೆ ಹಾಕೋದ್ರ ಬಗ್ಗೆ ಯಾರಾದ್ರೂ ಗ್ಯಾರೇಜ್ ಅನುಭವ ಇರೋರು ಹೇಳಿದ್ರೆ ಒಳ್ಳೇದು.

ಹುಬ್ಬಳ್ಳಿ_ಪಾನಾ

ನಮಸ್ಕಾರ್ರೀ. ನಾ ಹುಬ್ಬಳ್ಳಿಯಾಗ ಬುಲೆಟ್ ಕೆಲಸಾನ ಜಾಸ್ತಿ ಮಾಡ್ತೀನಿ. ಒಳ್ಳೆ ಸೈಲೆನ್ಸರ್ ತಂದು ಕೆಟ್ಟ ಕೂರಿಸಿದ್ರ ನೀರಾಗ ಹೋಮಾ ಮಾಡಿದಂಗ, ಅದಕ್ಕ ಕೂರಸೂದರ ಬಗ್ಗೇನ ಬರೀತೀನಿ.

ಮೊದಲ ಮಾಲ್ ನೋಡೂದು. ಒಂದು ಮ್ಯಾಗ್ನೆಟ್ ಕಿಸೇದಾಗ ಇಟ್ಕೊಂಡು ಹೋಗ್ರಿ. ಗಟ್ಟಿ ಹಿಡೀತಂದ್ರ ಅದು ಕ್ರೋಮ್ ಹೊಡದ ಕಬ್ಬಿಣ, ಒಂದೆರಡು ಮಳಿಗಾಲ ಅಷ್ಟ. 304 ಹಿಡಿಯೂದಿಲ್ಲ, ಬಾಗಿಸಿದ ಜಾಗದಾಗ ಸ್ವಲ್ಪ ಎಳದಂಗ ಆದ್ರ ತೊಂದ್ರಿ ಇಲ್ಲ. ಆದ್ರ ಹಿಡೀಲಿಲ್ಲ ಅಂದ ಮಾತ್ರಕ್ಕ 304 ಅಂತ ಅಲ್ಲ, 202 ಅನ್ನೂ ಸೋವಿ ಸ್ಟೀಲೂ ಹಿಡಿಯೂದಿಲ್ಲ, ಅದಕ್ಕ ಬಿಲ್ ಮ್ಯಾಲೆ 304 ಅಂತ ಬರಸ್ಕೋರಿ. ವೆಲ್ಡಿಂಗ್ ನೋಡ್ರಿ, ಸಾಲು ಒಂದ ಸಮ ಇರ್ಬೇಕು, ಗುಂಡಗುಂಡಗ ಹನಿ ಬಿದ್ದಂಗ ಇದ್ರ ಬ್ಯಾಡ. ಕೆಳಗ ಸಣ್ಣ ನೀರ ಹೋಗೂ ತೂತು ಐತೇನ್ ನೋಡ್ರಿ. ನಿಮ್ಮ ಹಳೇ ಸೈಲೆನ್ಸರ್ ತುದಿಯಾಗ ತುಕ್ಕು ಹಿಡದದ್ದು ಯಾಕಂದ್ರ, ಒಂದು ಲೀಟರ್ ಪೆಟ್ರೋಲ್ ಉರದ್ರ ಹೆಚ್ಚುಕಮ್ಮಿ ಒಂದು ಲೀಟರ್ ನೀರ ಹುಟ್ಟತೈತಿ, ಉಗಿಯಾಗಿ ಹೋಗತೈತಿ. ನೀವು ಊರಾಗ ಎರಡು ಮೂರು ಕಿಲೋಮೀಟರ್ ಓಡಿಸಿ ಬಂದ್ ಮಾಡಿದ್ರ ಸೈಲೆನ್ಸರ್ ಕಾಯೂದ ಇಲ್ಲ, ಆ ನೀರು ಒಳಗ ತಳದಾಗ ನಿಲ್ಲತೈತಿ. ಹೊರಗಿಂದ ಎಷ್ಟು ಒರಸಿದ್ರೂ ಒಳಗಿಂದ ತಿಂತೈತಿ.

ಈಗ ಬಿಚ್ಚೂದು. ಇಂಜಿನ್ ಪೂರ್ತಿ ತಣ್ಣಗಾಗ್ಲಿ, ಮೇನ್ ಸ್ಟ್ಯಾಂಡ್ ಹಾಕ್ರಿ. ಬೆಂಡ್ ಪೈಪು ಸೈಲೆನ್ಸರ್ ಕೂಡೂ ಜಾಗದಾಗ ಕ್ಲಾಂಪ್ ಇರ್ತೈತಿ, ಅದರ ಬೋಲ್ಟಿಗೆ ಹಿಂದಿನ ರಾತ್ರೀನ ಡಬ್ಲ್ಯೂಡಿ-40 ಹೊಡದು ಬಿಡ್ರಿ. ಕ್ಲಾಂಪ್ ಸಡ್ಲ್ ಮಾಡಿ, ಆಮ್ಯಾಲ ಹಿಂದ ಫ್ರೇಮಿಗೆ ಹಿಡದ ಬೋಲ್ಟ್ ಬಿಚ್ಚೂ ಮುಂದ ಒಬ್ಬರು ಸೈಲೆನ್ಸರ್ ಕೆಳಗ ಕೈ ಕೊಟ್ಟು ಹಿಡೀಬೇಕು, ಇಲ್ಲಂದ್ರ ಎಲ್ಲಾ ಭಾರ ಬೆಂಡ್ ಪೈಪಿನ ಮ್ಯಾಲೆ ಬೀಳ್ತೈತಿ. ಬಂದಿಲ್ಲ ಅಂತ ಎಡಕ್ಕ ಬಲಕ್ಕ ಜಗ್ಗಾಡಬ್ಯಾಡ್ರಿ, ಅದೊಂದು ಮಾತ್ರ ನೆನಪಿಡ್ರಿ. ಇದ್ದ ಜಾಗದಾಗ ಸ್ವಲ್ಪ ಸ್ವಲ್ಪ ತಿರುವ್ಯಾಡಿ ಹಿಂದಕ್ಕ ಎಳೀಬೇಕು. ಜಗ್ಗಾಡಿದ್ರ ಆ ಕಡೆ ಇಂಜಿನ್ ಹೆಡ್ಡಿನಾಗ ಇರೂ ಗ್ಯಾಸ್ಕೆಟ್ (ಲೀಕ್ ತಡಿಯೂ ಬಳಿ) ಕೂತ ಜಾಗಾ ಬಿಡ್ತೈತಿ, ಸ್ಟಡ್ಡಿಗೂ ಪೆಟ್ಟು.

ಹಾಕೂ ಮುಂದ ಬೆಂಡ್ ಪೈಪು ಸೈಲೆನ್ಸರ್ ಕೂಡೂ ಜಾಗಕ್ಕ ಹೊಸ ಗ್ಯಾಸ್ಕೆಟ್ ಹಾಕ್ರಿ, ಹಳೇದ ಒತ್ತಿ ಹೋಗಿರ್ತೈತಿ. ಎಲ್ಲಾ ಬೋಲ್ಟ್ ಮೊದಲ ಕೈಲೆ ಅಷ್ಟ ಹಚ್ಚಿ, ಸೈಲೆನ್ಸರ್ ತಾನಾಗೆ ಎಲ್ಲಿ ಕೂಡತೈತಿ ಅಲ್ಲಿ ಕೂಡಾಕ ಬಿಡ್ರಿ. ಬ್ರ್ಯಾಕೆಟ್ ತೂತು ಎರಡು ಮಿಲಿಮೀಟರ್ ಆಚೆ ಈಚೆ ಇತ್ತು ಅಂತ ಬೋಲ್ಟ್ ಬಿಗದು ಎಳದು ಕೂರಿಸ್ತಾರ ನೋಡ್ರಿ, ಅಲ್ಲೇ ಮುಂದ ಬಿರುಕ ಬಿಡೂದು, ಯಾಕಂದ್ರ ಕಾದಾಗ ಪೈಪ್ ಹಿಗ್ಗತೈತಿ, ಹಿಗ್ಗಾಕ ಜಾಗ ಇಲ್ಲ ಅಂದ್ರ ವೆಲ್ಡಿಂಗ್ ಬಿಡ್ತೈತಿ. ಹೊಂದ್ಲಿಲ್ಲ ಅಂದ್ರ ವಾಷರ್ ಕೊಡ್ರಿ ಇಲ್ಲಾ ಬ್ರ್ಯಾಕೆಟ್ ಬದಲ ಮಾಡಸ್ರಿ. ಮೌಂಟಿನ ರಬ್ಬರ್ ಬುಷ್ ಹಳೇ ಸೈಲೆನ್ಸರಿನಾಗ ಇದ್ರ ಮರೀದ ತಗೋರಿ. ಆಮ್ಯಾಲ ಮುಂದಿನ ಕ್ಲಾಂಪಿನಿಂದ ಹಿಂದಕ್ಕ ಬರ್ಕೋತ ಟೈಟ್ ಮಾಡ್ರಿ. ಗಾಡಿ ಮ್ಯಾಲೆ ಇಬ್ಬರು ಕುಂತು ಒತ್ತಿ ನೋಡ್ರಿ, ಸ್ವಿಂಗ್ ಆರ್ಮಿಗೆ ಎಲ್ಲೂ ತಾಗಬಾರದು.

ಸ್ಟಾರ್ಟ್ ಮಾಡೂ ಮೊದಲ ಪೆಟ್ರೋಲ್ ಹಚ್ಚಿದ ಬಟ್ಟಿಲೆ ಪೂರ್ತಿ ಒರಸಿ ಒಣಗಾಕ ಬಿಡ್ರಿ, ಬೆರಳಿನ ಎಣ್ಣಿ ಗುರುತು ಇದ್ರ ಕಾದ ಮ್ಯಾಲೆ ಅಲ್ಲೇ ಸುಟ್ಟು ಕೂಡತೈತಿ, ಜಲ್ಮದಾಗ ಹೋಗೂದಿಲ್ಲ. ಮೊದಲ ಒಂದೆರಡು ದಿನ ಸ್ವಲ್ಪ ಹೊಗಿ ವಾಸನಿ ಬರ್ತೈತಿ, ಗಾಬರಿ ಬ್ಯಾಡ. ಚೆನ್ನಾಗಿ ಕಾದು ತಣ್ಣಗಾದ ಮ್ಯಾಲೆ ಎಲ್ಲಾ ಬೋಲ್ಟ್ ಮತ್ತೊಮ್ಮೆ ಪಾನಾ ಹಚ್ಚಿ ನೋಡ್ರಿ, ಒಂದು ಎಳಿ ಸಡ್ಲ್ ಆಗಿರ್ತೈತಿ.

ಹಾಸನ್_ಥಂಪ್

ಅಪ್‌ಡೇಟ್ ಕೊಡ್ತಿದೀನಿ. ಹಿಡಿಯೋಕೆ ಇನ್ನೊಬ್ರು ಇಲ್ದೆ ಇಲ್ಲೇ ಪರಿಚಯದ ಗ್ಯಾರೇಜಲ್ಲಿ ಹಾಕಿಸ್ದೆ, ನಾನು ಆಫೀಸಿಗೆ ಹೋಗಿದ್ದೆ ನಿಂತು ನೋಡ್ಲಿಲ್ಲ. ಸೌಂಡ್ ನನಗೆ ಬೇಕಾದ್ದೇ ಬಂದಿದೆ, ಬೆಳಗ್ಗೆ ತೆಗೆದ್ರೆ ಪಕ್ಕದ ಮನೆಯವ್ರಿಗೆ ಮೊದಲಿಗಿಂತ ವ್ಯತ್ಯಾಸಾನೇ ಗೊತ್ತಾಗಿಲ್ವಂತೆ, ಕೇಳಿದೆ. ಆದ್ರೆ ಆಕ್ಸಿಲರೇಟರ್ ಬಿಟ್ಟಾಗ, ಅದ್ರಲ್ಲೂ ಇಳಿಜಾರಲ್ಲಿ, ಪಟ್ ಪಟ್ ಅಂತ ಸಿಡಿಯುತ್ತೆ. ಮೈಲೇಜೂ ಸ್ವಲ್ಪ ಇಳಿದಿದೆ ಅನ್ಸುತ್ತೆ. ಇದು ಬೇರೆ ಸೈಲೆನ್ಸರ್ ಹಾಕಿದ್ರೆ ಬರೋದೇನಾ?

ಕುಣಿಗಲ್_ಬೈಪಾಸ್

ಅಪರೂಪಕ್ಕೆ ಒಂದೆರಡು ಸಿಡಿದ್ರೆ ಬಿಡಬಹುದು, ಆದ್ರೆ ಮೈಲೇಜೂ ಇಳಿದಿದೆ ಅಂದ್ರೆ ಹೆಡ್ ಹತ್ರ ಲೀಕ್ ಇರ್ಬೇಕು. ಹಿಂದಿನ ಕ್ಲಾಂಪ್ ಹತ್ರ ಲೀಕ್ ಆದ್ರೆ ಮೈಲೇಜ್ ಇಳಿಯೋ ಕಾರಣ ಇಲ್ಲ, ಅದು ಓ2 ಸೆನ್ಸರ್ ದಾಟಿ ಆದ್ಮೇಲಿನ ಜಾಗ. ಸೆನ್ಸರ್‌ಗಿಂತ ಮುಂಚೆ ಲೀಕ್ ಆದ್ರೆ ಹೊರಗಿನ ಗಾಳಿ ಒಳಗೆ ಎಳ್ಕೊಳ್ಳುತ್ತೆ, ಸೆನ್ಸರ್‌ಗೆ ಆಕ್ಸಿಜನ್ ಜಾಸ್ತಿ ಕಾಣುತ್ತೆ, ಇಸಿಯು ‘ಪೆಟ್ರೋಲ್ ಕಮ್ಮಿ ಆಯ್ತು’ ಅನ್ಕೊಂಡು ಇನ್ನಷ್ಟು ಹೊಡೆಯುತ್ತೆ. ಆ ಹೆಚ್ಚಿನ ಪೆಟ್ರೋಲು, ಒಳಗೆ ಬಂದ ಗಾಳಿ, ಬಿಸಿ ಪೈಪು, ಮೂರೂ ಸೇರಿದ್ರೆ ಪಟ್ ಪಟ್. ಹಂಗೇ ಬಿಟ್ರೆ ಕ್ಯಾಟ್‌ಕಾನೂ ಜಾಸ್ತಿ ಕಾದು ಹಾಳಾಗುತ್ತೆ.

ಹುಬ್ಬಳ್ಳಿ_ಪಾನಾ

ಬೈಪಾಸ್ ಸಾಹೇಬ್ರು ಖರೇ ಹೇಳ್ಯಾರ. ಗ್ಯಾರೇಜಿನ್ಯಾಂವ ಜಗ್ಗಾಡಿ ತಗದಾನ ಅಂತ ನನಗ ಅನಸ್ತೈತಿ. ಟಾರ್ಚ್ ಹಿಡದು ಬೆಂಡ್ ಪೈಪು ಹೆಡ್ಡಿಗೆ ಕೂಡೂ ಜಾಗದಾಗ ನೋಡ್ರಿ, ಕಪ್ಪು ಮಸಿ ಹೊಡದ ಗುರುತು ಇದ್ರ ಅಲ್ಲೇ ಲೀಕ್. ಕಾಣಲಿಲ್ಲ ಅಂದ್ರ ಮುಂಜಾನೆ ಗಾಡಿ ತಣ್ಣಗಿದ್ದಾಗ ಸಾಬೂನ ನೀರು ಹಚ್ಚಿ ಸ್ಟಾರ್ಟ್ ಮಾಡ್ರಿ, ಗುಳ್ಳಿ ಏಳತಾವು. ದಪ್ಪ ಬಟ್ಟಿಲೆ ಸೈಲೆನ್ಸರ್ ಬಾಯಿ ಎರಡು ಸೆಕೆಂಡ್ ಒತ್ತಿ ಹಿಡದ್ರ ಇನ್ನೂ ಛಲೋ ಗೊತ್ತಾಗತೈತಿ, ಆದ್ರ ತಣ್ಣಗಿದ್ದಾಗ ಅಷ್ಟ. ಲೀಕ್ ಇತ್ತಂದ್ರ ಬರೇ ನಟ್ ಬಿಗದು ಬಿಡಬ್ಯಾಡ್ರಿ, ಗ್ಯಾಸ್ಕೆಟ್ ಒಮ್ಮೆ ಸರದ್ರ ಮತ್ತ ಕೂಡೂದಿಲ್ಲ. ಹೊಸಾದು ಹಾಕಸ್ರಿ, ಸೈಲೆನ್ಸರ್ ಸೈಡಿನ ಬೋಲ್ಟ್ ಎಲ್ಲಾ ಸಡ್ಲ್ ಮಾಡಿ ಮೊದಲ ಹೆಡ್ಡಿನ ಎರಡೂ ನಟ್ ಒಂದೊಂದು ಸ್ವಲ್ಪ ಸ್ವಲ್ಪ ಸಮ ಬಿಗೀಬೇಕು, ಒಂದ ಕಡೆ ಪೂರ್ತಿ ಬಿಗದು ಇನ್ನೊಂದಕ್ಕ ಬಂದ್ರ ಸೊಟ್ಟ ಕೂಡತೈತಿ. ಟಾರ್ಕ್ ರೆಂಚ್ ಇರೂ ಕಡೆ ಮಾಡಸ್ರಿ, ಅಲ್ಯೂಮಿನಿಯಂ ಹೆಡ್ಡಿನಾಗ ಸ್ಟಡ್ ಕಿತ್ತ ಬಂದ್ರ ಖರ್ಚು ಬ್ಯಾರೇನ. ಈ ಸಲ ಬಾಜೂಕ ನಿಂತ ಮಾಡಸ್ರಿ.

ಹಾಸನ್_ಥಂಪ್

ಅಣ್ಣ ನೂರಕ್ಕೆ ನೂರು ಸರಿ. ಹೆಡ್ ಹತ್ರ ಕೆಳಗಡೆ ಬೆರಳಗಲ ಮಸಿ ಇತ್ತು. ಬೇರೆ ಕಡೆ ಹೊಸ ಗ್ಯಾಸ್ಕೆಟ್ ಹಾಕಿಸಿ ನಿಂತು ಮಾಡಿಸ್ದೆ, ಶಿರಾಡಿ ಇಳಿದು ಬಂದೆ, ಸಿಡಿತ ನಿಂತಿದೆ. ಗುದ್ದಿರೋ ಹಳೇ ಸೈಲೆನ್ಸರನ್ನ ಏನ್ ಮಾಡ್ಲಿ, ಗುಜರಿಗೆ ಹಾಕ್ಲಾ?

ಮಂಡ್ಯ_ವಕೀಲ

ಹಾಕ್ಬೇಡಿ. ಬಡಿದು ಸರಿ ಮಾಡೋರು ಸಿಗ್ತಾರೆ, ರಿಪೇರಿ ಮಾಡ್ಸಿ ಇಟ್ಕೊಳ್ಳಿ. ಪೊಲೀಸ್ ಬಿಚ್ಚಿಸಿದ್ರೆ ಮನೆಗೆ ಹೋಗೋಕೆ, ಗಾಡಿ ಮಾರೋವಾಗ ತಗೊಳ್ಳೋರು ಕೇಳಿದ್ರೆ ಕೊಡೋಕೆ ಅದೇ ಬೇಕು. ಇನ್ಶೂರೆನ್ಸ್ ಕ್ಲೇಮ್ ಸಮಯದಲ್ಲೂ ಬದಲಾವಣೆ ಬಗ್ಗೆ ಪ್ರಶ್ನೆ ಏಳಬಹುದು.

ಹುಬ್ಬಳ್ಳಿ_ಪಾನಾ

ಇಡೂ ಮುಂದ ಒಳಗಿನ ನೀರ ಪೂರ್ತಿ ಬಗ್ಗಿಸಿ, ಬಿಸಲಾಗ ಇಟ್ಟು, ಬಾಯಿಗೆ ಬಟ್ಟಿ ತುರುಕಿ ಇಡ್ರಿ, ಇಲ್ಲಂದ್ರ ಇಲಿ ಗೂಡ ಕಟ್ಟತಾವು. ಹೊಸಾದ್ರ ಗ್ಲಾಸ್ ವೂಲ್ ದಿನಾ ಹೋದಂಗ ಸುಟ್ಟು ಕಮ್ಮಿ ಆಗತೈತಿ, ಸೌಂಡ್ ಒಡಕ ಒಡಕ ಬರಾಕ ಶುರು ಆತಂದ್ರ ತುದಿ ರಿವಿಟ್ ಬಿಚ್ಚಿ ಹೊಸಾ ವೂಲ್ ಸುತ್ತಸ್ರಿ, ಡಿಬಿ ಕಿಲ್ಲರ್ ಬೋಲ್ಟಿಗೂ ಆವಾಗ ಒಂದು ಹೊಸಾ ಸ್ಪ್ರಿಂಗ್ ವಾಷರ್ ಹಾಕ್ರಿ.